ಅಪ್‌ಡೇಟ್: ಕುರ್ಚಿ ಉಳಿಯಿತು, ಪರದೆ ಉಳಿಯಲಿಲ್ಲ

ಮಳೆಯಲ್ಲಿ ಚರಂಡಿಯಿಂದ ಎತ್ತಿ ತಂದ ಬೆಕ್ಕು ನನ್ನ ಬೆತ್ತದ ಕುರ್ಚಿಯನ್ನೂ ಇಳಕಲ್ ಸೀರೆಯಿಂದ ಹೊಲಿಸಿದ ಪರದೆಯನ್ನೂ ಪರಚುತ್ತಿದೆ, ಮನೆಯ ಅಂದ ಕೆಡದಂತೆ ಅದನ್ನು ಸಾಕುವುದು ಹೇಗೆ ಎಂದು ಮೂರು ತಿಂಗಳ ಹಿಂದೆ ನಿಮ್ಮನ್ನು ಕೇಳಿದ್ದೆ.

ಬೈದು ಪ್ರಯೋಜನವಿಲ್ಲ, ಪರಚಲು ಬೇರೆ ಜಾಗ ಕೊಡಿ ಎಂದು ಹಲವರು ಬರೆದಿರಿ. ಉಗುರಿನ ಹಳೆಯ ಹೊರಪದರವನ್ನು ಕಳಚಿಕೊಳ್ಳಲು ಮತ್ತು ಪಂಜದ ಗ್ರಂಥಿಗಳ ವಾಸನೆ ಬಿಟ್ಟು ಜಾಗ ತನ್ನದೆಂದು ಸಾರಲು ಬೆಕ್ಕು ಹೀಗೆ ಮಾಡುತ್ತದೆಂದು ತಿಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಹಳೆಯ ಒನಕೆಗೆ ತೆಂಗಿನ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿ, ಅಲುಗಾಡದಂತೆ ಅಗಲವಾದ ಹಲಗೆಗೆ ಕೂರಿಸಿದೆ. ಮೂಲೆಯಲ್ಲಿಟ್ಟಾಗ ಬೆಕ್ಕು ಅದನ್ನು ಮೂಸಿಯೂ ನೋಡಲಿಲ್ಲ. ಕುರ್ಚಿಯ ಪಕ್ಕಕ್ಕೇ ತಂದು ನಿಲ್ಲಿಸಿದ ಮೇಲೆ, ನಿದ್ದೆಯಿಂದ ಎದ್ದೊಡನೆ ಮುಂಗಾಲುಗಳನ್ನು ಮೇಲಕ್ಕೆ ಚಾಚಿ, ಕಣ್ಣು ಅರೆಮುಚ್ಚಿ, ಕರಕರನೆ ಎಳೆಯತೊಡಗಿತು. ನೆಲದ ಮೇಲೆ ಬೀಳುವ ನಾರನ್ನು ದಿನಕ್ಕೆರಡು ಬಾರಿ ಗುಡಿಸಬೇಕು, ಅಷ್ಟೆ.

ಗಿಡಗಳ ಬಗ್ಗೆ ನೀವು ಕೊಟ್ಟ ಎಚ್ಚರಿಕೆಯೇ ದೊಡ್ಡ ಉಪಕಾರ. ಕಪಾಟಿನ ಮೇಲೆ ಹಬ್ಬಿಸಿದ್ದ ಮನಿಪ್ಲಾಂಟ್‌ನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಬೆಕ್ಕಿನ ಬಾಯನ್ನು ಉರಿಸುತ್ತವೆ. ಲಿಲಿ ಹೂವಂತೂ, ಅದರ ಪರಾಗವೂ ಸೇರಿ, ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು. ಮನಿಪ್ಲಾಂಟ್ ತಂಗಿಯ ಮನೆ ಸೇರಿದೆ, ಲಿಲಿ ತರುವುದನ್ನು ನಿಲ್ಲಿಸಿದ್ದೇನೆ, ಬೆಕ್ಕಿಗೆ ಅಪಾಯವಿಲ್ಲದ ಅರೆಕಾ ಪಾಮ್ ಬಂದಿದೆ.

ಪರದೆಯನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಹರಿಯದೆ ಉಳಿದಿದ್ದ ಕೆಂಪು ಸೆರಗಿನ ಭಾಗದಿಂದ ಕಿಟಕಿಯ ಕಟ್ಟೆಗೊಂದು ಮೆತ್ತೆ ಹೊಲಿಸಿದೆ. ಈಗ ಅದರ ತುಂಬ ಬಿಳಿ ಕೂದಲು.