ಸಹಾಯ ಬೇಕು: ಹೊಸ ಬೇರಿಂಗ್ ಹಾಕಿದ ಮೇಲೆ ಕ್ರ್ಯಾಂಕ್ ತಿರುಗುತ್ತಿಲ್ಲ

ಚಿಂತಾಮಣಿ ಹತ್ತಿರದ ಹಳ್ಳಿ ನಮ್ಮದು. ಮೂರು ಸಿಲಿಂಡರಿನ ಹಳೆಯ ಟ್ರ್ಯಾಕ್ಟರ್. ಕ್ರ್ಯಾಂಕ್ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ) ಗ್ರೈಂಡಿಂಗ್ ಮಾಡಿಸಿ, ಅದಕ್ಕೆ ತಕ್ಕಂತೆ 0.25 ಮಿ.ಮೀ. ಅಂಡರ್‌ಸೈಜ್ (ಒಳ ಅಳತೆ ಅಷ್ಟು ಚಿಕ್ಕದಾದ) ಬೇರಿಂಗ್ ಹಾಕಿಸಿದೆವು. ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡಿದ ತಕ್ಷಣ ಎಂಜಿನ್ ಜಾಮ್. ಉದ್ದನೆಯ ಸರಳು ಹಾಕಿ ಎಳೆದರೂ ಅಲುಗುವುದಿಲ್ಲ.

ಪಿಸ್ಟನ್‌ಗಳನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳನ್ನೆಲ್ಲ ಬಿಚ್ಚಿ ನೋಡಿದೆವು, ಆಗಲೂ ಜಾಮ್. ಹಾಗಾಗಿ ಪಿಸ್ಟನ್ ಮೇಲೆ ಅನುಮಾನವಿಲ್ಲ. ಕ್ರ್ಯಾಂಕನ್ನು ಎಂಜಿನ್ ಬ್ಲಾಕಿಗೆ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗಳ ನಂಬರ್, ದಿಕ್ಕು, ಎಣ್ಣೆಯ ತೂತು ಎಲ್ಲವೂ ಸರಿಯಾಗಿವೆ. ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಬಳಿ ಬೇಕಾದ ಆಟವೂ (ಸಡಿಲ) ಇದೆ. ವಿಚಿತ್ರವೆಂದರೆ, ಮೂರನೆಯ ಮೇನ್ ಕ್ಯಾಪ್ ಒಂದನ್ನೇ ಸಡಿಲಿಸಿದರೆ ಕ್ರ್ಯಾಂಕ್ ಕೈಯಲ್ಲೇ ತಿರುಗುತ್ತದೆ!

‘ಸ್ಟಾರ್ಟ್ ಮಾಡಿ ಓಡಿಸಿ, ತಾನಾಗಿಯೇ ಸಡಿಲವಾಗುತ್ತದೆ’ ಎನ್ನುತ್ತಾರೆ ಮೆಕ್ಯಾನಿಕ್. ಬೇರಿಂಗ್ ಸುಟ್ಟುಹೋದರೆ ದುಡ್ಡು ಕೊಡುವವರು ಅವರಲ್ಲವಲ್ಲ.

ತಿಳಿದವರು ದಯವಿಟ್ಟು ಹೇಳಿ: ಮೂರನೆಯ ಜರ್ನಲ್ಲಿನ (ಬೇರಿಂಗಿನಲ್ಲಿ ಕೂರುವ ಕ್ರ್ಯಾಂಕಿನ ಭಾಗ) ಗ್ರೈಂಡಿಂಗ್ ಕಡಿಮೆಯಾಗಿದೆಯೋ, ಕ್ರ್ಯಾಂಕ್ ಬಾಗಿದೆಯೋ, ಇಲ್ಲವೇ ಬ್ಲಾಕಿನ ಲೈನ್ ಬೋರ್ (ಮೇನ್ ಬೇರಿಂಗ್‌ಗಳು ಕೂರುವ ರಂಧ್ರಗಳ ನೇರ ಸಾಲು) ತಪ್ಪಿದೆಯೋ? ಇವುಗಳಲ್ಲಿ ಮೊದಲು ಯಾವುದನ್ನು, ಹೇಗೆ ಅಳೆಯಿಸಬೇಕು?