ಅಪ್‌ಡೇಟ್: ಹೊಸ ರೌಟರ್ ಹಾಕಾಯ್ತು, ಒಳಗಿನ ರೂಮಿಗೂ ಸಿಗ್ನಲ್ ಬರ್ತಿದೆ

ಹೋದ ತಿಂಗಳು ಕೇಳಿದ್ನಲ್ಲ, ಏಳು ವರ್ಷದ ಹಳೇ ರೌಟರ್ ದಿನಕ್ಕೆ ಮೂರ್ನಾಲ್ಕು ಸಲ ತಾನಾಗೇ ರೀಸ್ಟಾರ್ಟ್ ಆಗುತ್ತೆ, ಒಳಗಿನ ರೂಮಲ್ಲಿ ವಿಡಿಯೋ ಕಾಲ್ ನಿಲ್ಲಲ್ಲ, ಯಾವ್ದು ತಗೊಳ್ಳಲಿ ಅಂತ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ವೈಫೈ 6 (ಹಳೇದಕ್ಕಿಂತ ಹೊಸ ತಲೆಮಾರಿನ ವೈಫೈ) ಇರೋ ಡ್ಯುಯಲ್ ಬ್ಯಾಂಡ್, ಅಂದ್ರೆ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಸಿಗ್ನಲ್ ಕೊಡೋ ರೌಟರ್ ತಗೊಂಡೆ. ಮೆಶ್‌ಗೆ (ಮನೇಲಿ ಎರಡ್ಮೂರು ಕಡೆ ಡಬ್ಬ ಇಟ್ಟು ಸಿಗ್ನಲ್ ಹರಡೋ ಸೆಟ್) ದುಡ್ಡು ಸುರಿಯೋ ಮುಂಚೆ ರೌಟರ್ ಜಾಗ ಬದಲಾಯಿಸಿ ನೋಡಿ ಅಂದಿದ್ರಲ್ಲ, ಅದು ನೂರಕ್ಕೆ ನೂರು ನಿಜ. ಹಳೇದು ಟಿವಿ ಹಿಂದೆ ನೆಲಕ್ಕೆ ಅಂಟ್ಕೊಂಡು ಕೂತಿತ್ತು, ಈಗ ಉದ್ದದ ಕೇಬಲ್ ಎಳೆದು ಹಾಲ್ ಮಧ್ಯದ ಮರದ ಶೆಲ್ಫ್ ಮೇಲೆ ಇಟ್ಟಿದೀನಿ, ಒಂದೇ ಗೋಡೆ ದಾಟಿದ್ರೆ ಸಾಕಲ್ವಾ, ಗೋಡೆ ದಾಟೋಕೆ ಕಷ್ಟಪಡೋ 5 ಗಿಗಾಹರ್ಟ್ಸ್ ಕೂಡ ರೂಮೊಳಗೆ ಚೆನ್ನಾಗೇ ಸಿಗುತ್ತೆ.

ಇನ್ನೊಂದು ವಿಷಯ ನಂಗೆ ಗೊತ್ತೇ ಇರ್ಲಿಲ್ಲ. ನಮ್ದು 200 ಎಂಬಿಪಿಎಸ್ ಪ್ಲಾನ್, ಆದ್ರೆ ಹಳೇ ರೌಟರ್‌ನ ಕೇಬಲ್ ಚುಚ್ಚೋ ಪೋರ್ಟ್‌ಗಳೆಲ್ಲ ಬರೀ 100 ಎಂಬಿಪಿಎಸ್‌ನವು, ಅಂದ್ರೆ ಇಷ್ಟು ವರ್ಷ ಅರ್ಧಕ್ಕಿಂತ ಜಾಸ್ತಿ ಸ್ಪೀಡ್ ಬರೋಕೆ ದಾರಿನೇ ಇರ್ಲಿಲ್ಲ! ದಯವಿಟ್ಟು ತಗೊಳ್ಳೋರು ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇದ್ಯಾ ನೋಡ್ಕೊಳ್ಳಿ, ಡಬ್ಬದ ಮೇಲಿನ ದೊಡ್ಡ ದೊಡ್ಡ ಸ್ಪೀಡ್ ನಂಬರ್ ನೋಡ್ಬೇಡಿ, ಅದು ಎಲ್ಲಾ ಬ್ಯಾಂಡ್ ಕೂಡಿಸಿ ಬರೆದಿರೋ ಲೆಕ್ಕ.

ಹಳೇ ವೈಫೈ ಹೆಸರು, ಪಾಸ್‌ವರ್ಡ್ ಹಾಗೇ ಇಟ್ಟೆ, ಫೋನ್‌ಗಳೆಲ್ಲ ತಾವೇ ಕನೆಕ್ಟ್ ಆದ್ವು. ಪ್ರಿಂಟರ್ ಮಾತ್ರ ಜಪ್ಪಯ್ಯ ಅಂದ್ರೂ ಆಗ್ಲಿಲ್ಲ. ವೈಫೈ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಹೊಸ ಪದ್ಧತಿ ಡಬ್ಲ್ಯುಪಿಎ3 ಒಂದೇ ಇಟ್ಟಿದ್ದೆ, ಹಳೇ ಪದ್ಧತಿ ಡಬ್ಲ್ಯುಪಿಎ2 ಜೊತೆ ಮಿಕ್ಸ್ ಮೋಡ್‌ಗೆ ಹಾಕಿದ ತಕ್ಷಣ ಸಿಕ್ತು.

ಹನ್ನೆರಡು ದಿನ ಆಯ್ತು, ಒಂದು ಸಲಾನೂ ರೀಸ್ಟಾರ್ಟ್ ಆಗಿಲ್ಲ.