ಕ್ಲಾಸ್, ಆಬ್ಜೆಕ್ಟ್ ಎಲ್ಲಾ ಓದಿದ್ದಾಯ್ತು, ಕಾದಾಟದ ಆಟ ಕಟ್ಟೋದು ಹೇಗೆ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಬಿಸಿಎ ಎರಡನೇ ವರ್ಷದಲ್ಲಿದ್ದೇನೆ. ಕ್ಲಾಸ್ ಅಂದರೆ ಅಚ್ಚು, ಆಬ್ಜೆಕ್ಟ್ ಅಂದರೆ ಅದರಿಂದ ಮಾಡಿದ ವಸ್ತು ಅಂತ ಗೊತ್ತು. ಇನ್ಹೆರಿಟೆನ್ಸ್ (ಒಂದು ಕ್ಲಾಸ್ ಇನ್ನೊಂದರಿಂದ ಇಳಿದು ಬರುವುದು), ಪಾಲಿಮಾರ್ಫಿಸಂ (ಒಂದೇ ಕರೆಗೆ ಒಂದೊಂದು ಕ್ಲಾಸ್ ತನ್ನದೇ ರೀತಿ ನಡೆದುಕೊಳ್ಳುವುದು) ಎಲ್ಲಾ ಪರೀಕ್ಷೆಯಲ್ಲಿ ಬರೆದಿದ್ದೇನೆ, ಆದರೆ ಬಳಸೋಕೆ ಬರುತ್ತಿಲ್ಲ. ಅಭ್ಯಾಸಕ್ಕೆಂದು ಪೈಥಾನ್‌ನಲ್ಲಿ ಒಂದು ಕಾದಾಟದ ಆಟ ಬರೆಯುತ್ತಿದ್ದೇನೆ. ಯೋಧ, ಬಿಲ್ಲುಗಾರ, ಮಾಂತ್ರಿಕ ಅಂತ ಮೂರು ಕ್ಲಾಸ್ ಇವೆ. ಹೊಡೆಯುವಾಗ ‘ಎದುರಾಳಿ.ಜೀವ -= 15’ (ಜೀವದಿಂದ 15 ಕಳೆ) ಅಂತ ಬರೆದಿದ್ದೇನೆ. ಈಗ ಗುರಾಣಿ ಸೇರಿಸಬೇಕು. ಮೂರೂ ಕ್ಲಾಸ್‌ನಲ್ಲಿ ಕೋಡ್ ಬದಲಾಯಿಸಬೇಕಾಗಿದೆ. ಇದು ಸರಿಯಾದ ದಾರಿನಾ?

ಉತ್ತರ: ಒಳ್ಳೆಯ ಅಭ್ಯಾಸ ಆರಿಸಿಕೊಂಡಿದ್ದೀರಿ. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಸಿಮ್ಯುಲಾ ಭಾಷೆ ಮಾಡಿದ್ದೇ ನಿಜಲೋಕದ ವ್ಯವಸ್ಥೆಗಳ ಸಿಮ್ಯುಲೇಶನ್ (ಕಂಪ್ಯೂಟರ್ ಮೇಲೆ ಅನುಕರಣೆ) ಬರೆಯೋಕೆ. ಕ್ಲಾಸ್, ಆಬ್ಜೆಕ್ಟ್ ಎರಡೂ ಬಂದದ್ದು ಅಲ್ಲಿಂದ. ಕಾದಾಟವೂ ಒಂದು ಸಿಮ್ಯುಲೇಶನ್ನೇ ಅಲ್ವಾ?

ನಿಮ್ಮ ತೊಡಕೆಲ್ಲ ಆ ‘-= 15’ ಸಾಲಿನಲ್ಲೇ ಇದೆ. ಹೊಡೆಯುವವನು ಎದುರಾಳಿಯ ಜೀವಕ್ಕೆ ನೇರವಾಗಿ ಕೈ ಹಾಕುತ್ತಿದ್ದಾನೆ. ಹಾಗಾಗಿ ಅವನಿಗೆ ಗುರಾಣಿ ಇದೆಯಾ, ಎಷ್ಟು ತಡೆಯುತ್ತೆ ಅಂತೆಲ್ಲ ಇವನೇ ತಿಳಿದುಕೊಳ್ಳಬೇಕು. ಅದರ ಬದಲು ‘ಎದುರಾಳಿ.ಏಟು_ತಿನ್ನು(15)’ ಅಂತ ಬರೆಯಿರಿ. ಇವನು ಹೊಡೆದ, ಇವನ ಕೆಲಸ ಮುಗಿಯಿತು. ಉದಾಹರಣೆಗೆ, ಗುರಾಣಿ 6 ತಡೆಯಿತು, 9 ತಗುಲಿತು, ಉಳಿದ ಜೀವ 7 ಇತ್ತು, ಈಗ -2 ಆಗದೆ 0ಗೆ ನಿಲ್ಲಬೇಕು. ಈ ಲೆಕ್ಕವೆಲ್ಲ ಏಟು ತಿಂದವನ ಒಳಗೇ ನಡೆಯಲಿ. ಎನ್‌ಕ್ಯಾಪ್ಸುಲೇಶನ್ ಅಂತ ಪರೀಕ್ಷೆಯಲ್ಲಿ ಬರೆದದ್ದು ಇದನ್ನೇ.

‘ಏಟು_ತಿನ್ನು’ ಅನ್ನು ಹೋರಾಟಗಾರ ಅನ್ನೋ ಮೂಲ ಕ್ಲಾಸ್‌ನಲ್ಲಿ ಒಂದೇ ಸಲ ಬರೆಯಿರಿ. ಮೂವರೂ ಅದರಿಂದ ಇಳಿದು ಬರಲಿ. ಮಾಂತ್ರಿಕನಿಗೆ ಮಾತ್ರ ಬೇರೆ ನಿಯಮ ಬೇಕಾ? ಅವನ ಕ್ಲಾಸ್‌ನಲ್ಲಿ ‘ಏಟು_ತಿನ್ನು’ ಮತ್ತೆ ಬರೆದು, ಮೊದಲು ಅವನ ಮಂತ್ರಶಕ್ತಿಯಲ್ಲಿ ಸ್ವಲ್ಪ ಕಳೆದು, ಮಿಕ್ಕ ಪೆಟ್ಟನ್ನು ಸೂಪರ್ (ಮೂಲ ಕ್ಲಾಸ್‌ನ ಕೋಡನ್ನು ಕರೆಯುವ ದಾರಿ) ಮೂಲಕ ಮೂಲ ಕ್ಲಾಸ್‌ಗೆ ದಾಟಿಸಿ. ಕಾದಾಟದ ಲೂಪ್‌ನಲ್ಲಿ ‘ಇವನು ಮಾಂತ್ರಿಕನಾಗಿದ್ದರೆ’ ಅಂತ ಇಫ್ ಹಾಕಬೇಕು ಅನ್ನಿಸಿದರೆ ಅಲ್ಲೇ ನಿಲ್ಲಿ. ಆ ನಿಯಮ ಇರಬೇಕಾದದ್ದು ಮಾಂತ್ರಿಕನ ಕ್ಲಾಸ್‌ನಲ್ಲಿ.

ಮರುಪ್ರಶ್ನೆ: ಗುರಾಣಿ ಕೆಲಸ ಮಾಡಿತು ಮೇಡಂ, ಥ್ಯಾಂಕ್ಸ್! ಈಗ ಆಯುಧಗಳು. ಕತ್ತಿಯೋಧ, ಗದೆಯೋಧ, ಕತ್ತಿಮಾಂತ್ರಿಕ ಅಂತ ಕ್ಲಾಸ್‌ಗಳು ಬೆಳೆಯುತ್ತಲೇ ಇವೆ.

ಉತ್ತರ: ಇಲ್ಲಿ ಇನ್ಹೆರಿಟೆನ್ಸ್ ಬೇಡ. ಗದೆ ಕೆಳಗಿಟ್ಟರೂ ಭೀಮ ಭೀಮನೇ. ಆಯುಧ ಅವನ ಕೈಯಲ್ಲಿರುವ ವಸ್ತು, ಅವನ ಬಗೆಯಲ್ಲ. ಆಯುಧ ಅಂತ ಬೇರೆ ಕ್ಲಾಸ್ ಮಾಡಿ, ಅದರ ಆಬ್ಜೆಕ್ಟನ್ನು ‘ಸೆಲ್ಫ್.ಆಯುಧ’ದಲ್ಲಿ ಇಡಿ (ಸೆಲ್ಫ್ ಅಂದರೆ ಆ ಹೋರಾಟಗಾರನ ಆಬ್ಜೆಕ್ಟೇ). ಎಷ್ಟು ಪೆಟ್ಟು ಅಂತ ಆಯುಧವೇ ಹೇಳಲಿ. 3 ಬಗೆ ಹೋರಾಟಗಾರರು, 4 ಆಯುಧ ಇದ್ದರೆ ನಿಮ್ಮ ದಾರಿಯಲ್ಲಿ 12 ಕ್ಲಾಸ್ ಬೇಕು. ಹೀಗೆ ಮಾಡಿದರೆ, ಪ್ರತಿ ಆಯುಧಕ್ಕೂ ಒಂದು ಕ್ಲಾಸ್ ಇಟ್ಟರೂ, ಮೂಲ ಕ್ಲಾಸ್‌ಗಳನ್ನು ಬಿಟ್ಟು 7 ಸಾಕು. ಕಾದಾಟದ ನಡುವೆ ಕತ್ತಿ ಮುರಿದರೆ ಒಂದೇ ಸಾಲಿನಲ್ಲಿ ಬೇರೆ ಆಯುಧ ಕೊಡಬಹುದು. ಇದಕ್ಕೆ ಕಾಂಪೊಸಿಶನ್ ಅಂತಾರೆ. ನನ್ನ ಕೆಲಸದಲ್ಲಿ ಇನ್ಹೆರಿಟೆನ್ಸ್‌ಗಿಂತ ಇದೇ ಜಾಸ್ತಿ ಬಳಕೆಗೆ ಬರುತ್ತದೆ.

ಇನ್ನೊಂದು ಮಾತು. ಹೋರಾಟಗಾರರ ಕ್ಲಾಸ್ ಒಳಗೆ ಪ್ರಿಂಟ್ ಬೇಡ. ಏನಾಯಿತು ಅಂತ ರಿಟರ್ನ್ ಮಾಡಿ, ತೋರಿಸುವ ಕೆಲಸ ಲೂಪ್‌ಗೆ ಬಿಡಿ. ನಾಳೆ ಪೈಥಾನ್‌ನಲ್ಲಿ ಆಟ ಬರೆಯೋ ಲೈಬ್ರರಿಯಾದ ಪೈಗೇಮ್‌ನಲ್ಲಿ ಚಿತ್ರ ಹಾಕಿದರೂ ಆ ಕ್ಲಾಸ್‌ಗಳನ್ನು ಮುಟ್ಟಬೇಕಾಗಿಲ್ಲ.

ಇನ್ನೊಬ್ಬ ಸದಸ್ಯರು: ನಾನೂ ಇಂಥದ್ದೇ ಬರೆಯುತ್ತಿದ್ದೇನೆ ಮೇಡಂ. ಯೋಧ ಮದ್ದು ಕುಡಿದರೆ ಮಾಂತ್ರಿಕನ ಚೀಲದಲ್ಲೂ ಮದ್ದು ಮಾಯ! ಜೀವ ಮಾತ್ರ ಇಬ್ಬರದ್ದೂ ಬೇರೆ ಬೇರೆ ಸರಿಯಾಗಿದೆ.

ಉತ್ತರ: ಜೀವ, ಚೀಲ ಎರಡನ್ನೂ ಮೂಲ ಕ್ಲಾಸ್ ಕೆಳಗೆ ನೇರವಾಗಿ ಬರೆದಿದ್ದೀರಿ ಅನ್ನಿಸುತ್ತದೆ. ಹಾಗೆ ಬರೆದರೆ ಎಲ್ಲರಿಗೂ ಸೇರಿ ಒಂದೇ ಚೀಲ. ‘ಸೆಲ್ಫ್.ಜೀವ -= 9’ ಅಂದಾಗ ಆ ಆಬ್ಜೆಕ್ಟ್‌ಗೆ ಹೊಸದಾಗಿ ಸ್ವಂತ ಜೀವ ಹುಟ್ಟುತ್ತದೆ, ಅದಕ್ಕೇ ಅದು ಸರಿಯಾಗಿ ಕಾಣುತ್ತದೆ. ಚೀಲ ಒಂದು ಲಿಸ್ಟ್. ಅದರಿಂದ ಮದ್ದು ತೆಗೆದರೆ ಹೊಸ ಲಿಸ್ಟ್ ಹುಟ್ಟುವುದಿಲ್ಲ, ಇರುವ ಲಿಸ್ಟೇ ಬದಲಾಗುತ್ತದೆ. ಎರಡನ್ನೂ ಇನಿಟ್ (ಪ್ರತಿ ಆಬ್ಜೆಕ್ಟ್ ಹುಟ್ಟುವಾಗ ನಡೆಯುವ ಫಂಕ್ಷನ್) ಒಳಗೆ ತಂದು ‘ಸೆಲ್ಫ್.ಚೀಲ = []’ ಅಂತ ಬರೆಯಿರಿ. ಇನಿಟ್‌ನ ಆವರಣದಲ್ಲಿ ‘ಚೀಲ=[]’ ಅಂತ ಡೀಫಾಲ್ಟ್ ಕೊಡಬೇಡಿ, ಅಲ್ಲೂ ಇದೇ ತೊಂದರೆ. ಸರಿಹೋಯಿತಾ ನೋಡೋಕೆ ಇಬ್ಬರಿಗೂ ಎರಡೆರಡು ಮದ್ದು ಕೊಟ್ಟು, ಒಬ್ಬನಿಗೆ ಮಾತ್ರ ಕುಡಿಸಿ, ಇಬ್ಬರ ಚೀಲವನ್ನೂ ಪ್ರಿಂಟ್ ಮಾಡಿ.